ಮೂರರಲ್ಲಿ ಒಂದು ಪಾಲು ಇತ್ತ, ಎರಡು ಪಾಲು ಅತ್ತ

ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಬಂದ ಸುದ್ದಿಯನ್ನು ನಿನ್ನಪ್ಪ ಫೋನಿನಲ್ಲಿ ಹೇಳಿದ್ದ. ಅದಕ್ಕಿಂತಲೂ ನನಗೆ ಸಂತೋಷ ಕೊಟ್ಟದ್ದು ನಿನ್ನ ಕಾಗದ. ಪರ್ಕಳದ ಮನೆಯ ಹಿತ್ತಲಿನ ನಕ್ಷೆಯನ್ನು ಟೇಪು ಹಿಡಿದು ಅಳೆದು ಬರೆದಿದ್ದೀಯಲ್ಲ, ಗೇಟಿನ ಬಳಿಯ ತೆಂಗು, ಬಾವಿಕಟ್ಟೆ, ಕೊಟ್ಟಿಗೆ, ಮೂಡು ತುದಿಯ ಹಲಸು, ಒಂದನ್ನೂ ಬಿಡದೆ! ಆಂಟೆನಾ ಕಟ್ಟುವ ಕೆಲಸ ಶುರುವಾಗಬೇಕಾದದ್ದು ಹೀಗೆಯೇ.

ಆದರೆ ಕೊನೆಯಲ್ಲಿ ಬರೆದ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. "ನಮ್ಮ ಹಿತ್ತಲು ಡೈಪೋಲಿಗೆ ಲಾಯಕ್ಕಿಲ್ಲ ದೊಡ್ಡಪ್ಪ, ತಂತಿಯ ನಡುಮಧ್ಯ ಸರಿಯಾಗಿ ಕೊಟ್ಟಿಗೆಯ ಮಾಡಿನ ಮೇಲೆ ಬರುತ್ತದೆ, ಅಲ್ಲಿಂದ ನನ್ನ ಕೋಣೆಗೆ ಕೇಬಲ್ ಎಳೆಯಲು ದಾರಿಯೇ ಇಲ್ಲ" ಎಂದಿದ್ದೀಯ. ಹಿತ್ತಲು ಚೆನ್ನಾಗಿಯೇ ಇದೆ, ಮಗೂ. ಡೈಪೋಲ್ ಎಂದರೆ ಎರಡು ಕೈಯ ತಂತಿ, ಸರಿ; ಆದರೆ ಕೇಬಲನ್ನು ತಂತಿಯ ನಡುವಿಗೇ ಜೋಡಿಸಬೇಕು ಎಂದು ಯಾರು ಹೇಳಿದರು? ಪಾಠದ ಪುಸ್ತಕದಲ್ಲಿ ಚಿತ್ರ ಹಾಗಿರುತ್ತದೆ, ಪರೀಕ್ಷೆಯಲ್ಲೂ ಹಾಗೆಯೇ ಬರೆಯುತ್ತೇವೆ. ನಿನ್ನ ಕೋಣೆಯ ಕಿಟಕಿ ತೆಂಗಿನಿಂದ ಏಳೆಂಟು ಮೀಟರ್ ದೂರದಲ್ಲಿದೆ. ತಂತಿಯನ್ನು ಅಲ್ಲಿಯೇ ಕತ್ತರಿಸು. ಒಂದು ಪಾಲು ತೆಂಗಿನ ಕಡೆಗೆ, ಎರಡು ಪಾಲು ಹಲಸಿನ ಕಡೆಗೆ. ಎರಡು ಕೈ ಸಮ ಇಲ್ಲದ ಈ ಡೈಪೋಲ್ ಹೊಸತೇನಲ್ಲ, ಅದಕ್ಕೆ ನೂರು ವರ್ಷದ ಹತ್ತಿರ ಹತ್ತಿರದ ಇತಿಹಾಸವಿದೆ.

ಅಮೆರಿಕದ ಓಹಿಯೊದಲ್ಲಿ ಲೋರೆನ್ ವಿಂಡಮ್ ಎಂಬ ಹವ್ಯಾಸಿ ಇದ್ದರು, ಕರೆಸಂಕೇತ ಡಬ್ಲ್ಯು8ಜಿಝಡ್. ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎವರಿಟ್ ಮತ್ತು ಬರ್ನ್ ಮಾಡಿದ ಅಧ್ಯಯನದ ಫಲವನ್ನು ಅವರು 1929ರ ಸೆಪ್ಟೆಂಬರಿನ ಕ್ಯೂಎಸ್‌ಟಿ ಪತ್ರಿಕೆಯಲ್ಲಿ ಎಲ್ಲ ಹವ್ಯಾಸಿಗಳಿಗೂ ತಿಳಿಯುವಂತೆ ಬರೆದರು. ತಂತಿಯ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಒಂದೇ ಒಂದು ಫೀಡರ್ ತಂತಿ ಕಟ್ಟುವ ಪದ್ಧತಿ ಅದು. ಇಂದು ನಾವು ಕೋಆಕ್ಸ್ ಕೇಬಲ್ಲು, ತಂತಿಗೂ ಕೇಬಲ್ಲಿಗೂ ಹೊಂದಿಕೆ ಮಾಡುವ ಬಾಲನ್ನು ಹಾಕಿ ಕಟ್ಟುವುದು ಅದರ ಮುಂದಿನ ರೂಪ. ಜನ ಎರಡನ್ನೂ ವಿಂಡಮ್ ಎಂದೇ ಕರೆಯುತ್ತಾರೆ. ಕರೆಯಲಿ, ಕೆಲಸ ಮಾಡುವ ಕ್ರಮ ಬೇರೆ ಎಂಬುದು ನಿನಗೆ ಗೊತ್ತಿದ್ದರೆ ಸಾಕು.

ಈಗ ನಿಜವಾದ ವಿಷಯಕ್ಕೆ ಬರೋಣ. ಇದು ನನಗೆ ತುಂಬ ಇಷ್ಟವಾದ ಲೆಕ್ಕ. ಕಾಗದ ಪೆನ್ಸಿಲ್ ಹಿಡಿದು ಕುಳಿತು ಓದು.

ಅರ್ಧ ತರಂಗದ ತಂತಿಯಲ್ಲಿ ಕರೆಂಟು ಎಲ್ಲ ಕಡೆ ಒಂದೇ ಇರುವುದಿಲ್ಲ. ಎರಡು ತುದಿಯಲ್ಲಿ ಸೊನ್ನೆ, ನಡುವಿನಲ್ಲಿ ಅತಿ ಹೆಚ್ಚು. ವೋಲ್ಟೇಜು ಇದಕ್ಕೆ ತಿರುಗುಮುರುಗು. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿದರೆ ಬಲ ಜಾಸ್ತಿ ಬೇಕು, ಕೈ ಸರಿಯುವುದು ಸ್ವಲ್ಪ. ಹಿಡಿಕೆಯ ಹತ್ತಿರ ತಳ್ಳಿದರೆ ಬಲ ಕಡಿಮೆ, ಕೈ ಸರಿಯುವುದು ಹೆಚ್ಚು. ಬಾಗಿಲು ಎರಡರಲ್ಲೂ ಅಷ್ಟೇ ತೆರೆಯುತ್ತದೆ. ತಂತಿಯಲ್ಲೂ ಹಾಗೆಯೇ: ನಡುವಿನಲ್ಲಿ ಕೊಟ್ಟರೆ ಕರೆಂಟು ಹೆಚ್ಚು, ವೋಲ್ಟೇಜು ಕಡಿಮೆ, ಸುಮಾರು 73 ಓಮ್. ತುದಿಯ ಕಡೆ ಸರಿದಂತೆ ಓಮ್ ಏರುತ್ತ ಹೋಗುತ್ತದೆ. ಎಲ್ಲಿ ಕೊಟ್ಟರೂ ತಂತಿ ಆಕಾಶಕ್ಕೆ ಚೆಲ್ಲುವ ಶಕ್ತಿ ಮಾತ್ರ ಅಷ್ಟೇ.

ಅರ್ಧ ತರಂಗವನ್ನು 180 ಡಿಗ್ರಿ ಎಂದು ಇಟ್ಟುಕೋ. ಒಂದು ತುದಿಯಿಂದ ಮೂರನೇ ಒಂದು ಭಾಗ ಎಂದರೆ 60 ಡಿಗ್ರಿ. ಆ ಜಾಗದ ಕರೆಂಟು ಸೈನ್ 60, ಅಂದರೆ 0.866. ಅದೇ ತಂತಿಯನ್ನು ಎರಡು ಪಟ್ಟು ಆವರ್ತನದಲ್ಲಿ ಬಳಸಿದರೆ ತಂತಿಯ ಮೇಲೆ ಎರಡು ಅರ್ಧ ತರಂಗ ಕೂರುತ್ತವೆ, ಆ ಜಾಗ 120 ಡಿಗ್ರಿಯಾಗುತ್ತದೆ. ಸೈನ್ 120 ಎಷ್ಟು? ಮತ್ತೆ 0.866. ನಾಲ್ಕು ಪಟ್ಟಿಗೆ 240 ಡಿಗ್ರಿ. ದಿಕ್ಕು ತಿರುಗುತ್ತದೆ, ಪ್ರಮಾಣ ಮತ್ತೆ 0.866! ನಡುವಿನಲ್ಲಿ ಕತ್ತರಿಸಿದ ಡೈಪೋಲಿನಲ್ಲಿ ಎರಡು ಪಟ್ಟಿಗೆ ಹೋದರೆ ಆ ಜಾಗದಲ್ಲಿ ಕರೆಂಟು ಸೊನ್ನೆ, ಓಮ್ ಸಾವಿರಗಟ್ಟಲೆ, ರೇಡಿಯೊ ಕೈಚೆಲ್ಲುತ್ತದೆ. ಮೂರನೇ ಒಂದರಲ್ಲಿ ಕತ್ತರಿಸಿದರೆ 7 ಮೆಗಾಹರ್ಟ್ಸ್‌ನ ತಂತಿ 14ನ್ನೂ 28ನ್ನೂ ಒಂದೇ ಬಾಗಿಲಿನಿಂದ ಒಳಗೆ ಬಿಡುತ್ತದೆ. ನಿನ್ನ ಕೊಟ್ಟಿಗೆಯ ತೊಂದರೆ ನಿನ್ನನ್ನು ಎಂಥ ಒಳ್ಳೆಯ ಜಾಗಕ್ಕೆ ತಂದು ನಿಲ್ಲಿಸಿತು ನೋಡು.

ಮೂರು ಪಟ್ಟು, ಅಂದರೆ 21 ಮೆಗಾಹರ್ಟ್ಸ್? ಆಗ ಆ ಜಾಗ ಸರಿಯಾಗಿ 180 ಡಿಗ್ರಿ, ಕರೆಂಟು ಸೊನ್ನೆ. 15 ಮೀಟರ್ ಬ್ಯಾಂಡನ್ನು ಈ ಆಂಟೆನಾ ಕೊಡುವುದಿಲ್ಲ. ಕೆಲವರು ಅದಕ್ಕಾಗಿ ತುದಿಯಿಂದ ಐದನೇ ಒಂದು ಭಾಗದಲ್ಲಿ ಕತ್ತರಿಸುತ್ತಾರೆ. 36, 72, 108, 144 ಡಿಗ್ರಿ. ನಾಲ್ಕರಲ್ಲೂ ಸೊನ್ನೆ ಇಲ್ಲ, ನಾಲ್ಕು ಬ್ಯಾಂಡೂ ಸಿಗುತ್ತವೆ. ಆದರೆ ಕೈಗಳ ಅಸಮತೆ ಹೆಚ್ಚಿದಷ್ಟೂ ಕೇಬಲ್ಲಿನ ಕಾಟ ಹೆಚ್ಚು, ಅದೇನೆಂದು ಮುಂದೆ ಹೇಳುತ್ತೇನೆ. ಮೊದಲ ಆಂಟೆನಾಗೆ ಮೂರನೇ ಒಂದೇ ಇರಲಿ ಎಂಬುದು ನನ್ನ ಮಾತು. ಒಂದು ಮಳೆಗಾಲ ಕಳೆದ ಮೇಲೆ ಬೇಕಾದರೆ ಬದಲಾಯಿಸು.

ಉದ್ದದ ಲೆಕ್ಕ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ. ನೀನು 7.1ಕ್ಕೆ ಎಂದು 20.1 ಮೀಟರ್ ಬರೆದಿದ್ದೀಯ. ಲೆಕ್ಕ ಸರಿ. ಆದರೂ 7.05ಕ್ಕೆ ಕತ್ತರಿಸು, 20.3 ಮೀಟರ್, ಅಂದರೆ 6.8 ಮತ್ತು 13.5. ಕಾರಣ ಇದೆ. ತಂತಿಯ ತುದಿಗಳ ಪರಿಣಾಮದಿಂದ ಎರಡು ಪಟ್ಟಿನ ರೆಸೊನೆನ್ಸ್ ಸರಿಯಾಗಿ ಎರಡು ಪಟ್ಟಿನಲ್ಲಿ ಬರುವುದಿಲ್ಲ, ತುಸು ಮೇಲೆ ಬರುತ್ತದೆ. 7.1ಕ್ಕೆ ಕೂರಿಸಿದ ತಂತಿ 14.5ರ ಹತ್ತಿರ ಹೋಗುತ್ತದೆ. ನಮ್ಮ ಬ್ಯಾಂಡು 14.35ಕ್ಕೇ ಮುಗಿಯುತ್ತದೆ. ಕೆಳಗೆ ಸ್ವಲ್ಪ ಉದ್ದ ಬಿಟ್ಟರೆ ಮೇಲೂ ಹತ್ತಿರ ಬರುತ್ತದೆ. ಪಿವಿಸಿ ಹೊದಿಕೆಯ ಮನೆ ವೈರಿಂಗ್ ತಂತಿ ಹಾಕಿದರೆ ಶೇಕಡ ಎರಡು ಮೂರರಷ್ಟು ಕಡಿಮೆ ಉದ್ದ ಸಾಕಾಗುತ್ತದೆ. ಮೊದಲೇ ಕತ್ತರಿಸಿ ಎಸೆಯಬೇಡ, ತುದಿಯಲ್ಲಿ ಮಡಚಿ ಸುತ್ತಿಟ್ಟು ಅಳೆ. ಮಡಚುವಾಗಲೂ ಉದ್ದನೆಯ ಕೈಯಲ್ಲಿ 30 ಸೆಂ.ಮೀ. ತೆಗೆದರೆ ಗಿಡ್ಡ ಕೈಯಲ್ಲಿ 15 ತೆಗೆ. ಇಲ್ಲವಾದರೆ ಕತ್ತರಿಸಿದ ಜಾಗ ಮೂರನೇ ಒಂದರಿಂದ ಸರಿದುಹೋಗುತ್ತದೆ.

ಬಾಲನ್ ವಿಷಯದಲ್ಲಿ ಯಾರು ಏನು ಹೇಳಿದರೂ ಕಣ್ಣು ಮುಚ್ಚಿ ಒಪ್ಪಬೇಡ. ಎಲ್ಲರೂ 4:1 ಎನ್ನುತ್ತಾರೆ. ಬಯಲಿನಲ್ಲಿ ಒಂಟಿಯಾಗಿ ತೂಗುವ ತಂತಿಗೆ ಮೂರನೇ ಒಂದರಲ್ಲಿ ಲೆಕ್ಕ ಹಾಕಿದರೆ ಬರುವುದು ನೂರು ಓಮ್‌ನ ಆಸುಪಾಸು. ಮರ, ಮಾಡು, ನೆಲ, ಎತ್ತರ ಎಲ್ಲ ಸೇರಿ ಅದನ್ನು ಏರಿಸಬಹುದು, ಇಳಿಸಬಹುದು. ನಿನ್ನ ಹತ್ತಿರ ನ್ಯಾನೊವಿಎನ್‌ಎ ಅಳತೆಯಂತ್ರ ಇದೆಯಲ್ಲ, ತಂತಿ ಮೇಲೇರಿಸಿ ಮೊದಲು ಅಳೆ. ನೂರರ ಹತ್ತಿರ ಇದ್ದರೆ 2:1, ಇನ್ನೂರರ ಕಡೆ ಹೋದರೆ 4:1. ಪೇಟೆಯಲ್ಲಿ ಸಿಗುವ ಡಬ್ಬಿ ತಂದು ನೇತುಹಾಕುವುದಕ್ಕಿಂತ ಅಳೆದು ಸುತ್ತಿದ ಬಾಲನ್ ನಿನಗೆ ಹೆಚ್ಚು ಕಲಿಸುತ್ತದೆ.

ಈಗ ಕೇಬಲ್ಲಿನ ಕಾಟ. ಇಲ್ಲಿ ನಿಧಾನವಾಗಿ ಓದು, ಏಕೆಂದರೆ ಅಸಮ ಡೈಪೋಲ್ ಕಟ್ಟಿ ಬೇಸತ್ತು ಇಳಿಸಿದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ. ನಡುವಿನಲ್ಲಿ ಕತ್ತರಿಸಿದಾಗ ಎರಡು ಕೈಗಳೂ ಸಮ. ಕೇಬಲ್ ನೇರ ಕೆಳಗಿಳಿದರೆ ಅದರ ಮೇಲೆ ಎರಡು ಕಡೆಯ ಎಳೆತ ಹೆಚ್ಚು ಕಡಿಮೆ ಸರಿತೂಗುತ್ತದೆ. ಒಂದು ಕೈ 6.8, ಇನ್ನೊಂದು 13.5 ಆದಾಗ ಆ ಸಮತೋಲ ಇಲ್ಲ. ಆಗ ಕೋಆಕ್ಸ್‌ನ ಹೊರಗಿನ ಜಾಲರಿಯ ಹೊರಮೈ ಮೂರನೆಯ ಕೈಯಾಗಿಬಿಡುತ್ತದೆ. ನೀನು ಮಾತಾಡುವಾಗ ಆ ಕರೆಂಟು ಕೇಬಲ್ಲಿನ ಮೇಲೆ ಹರಿದು ಕೋಣೆಗೆ ಬರುತ್ತದೆ. ಮೈಕಿನ ಲೋಹ ತುಟಿಗೆ ತಾಗಿದರೆ ಚುರುಕ್ ಎನ್ನುತ್ತದೆ. ಕೇಳಿಸಿಕೊಳ್ಳುವಾಗ ಅದಕ್ಕಿಂತ ಕೆಟ್ಟದು: ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರು, ಮೊಬೈಲ್ ಚಾರ್ಜರು ಇವುಗಳ ಗಲಾಟೆಯನ್ನೆಲ್ಲ ಆ ಹೊರಮೈ ಹೊತ್ತು ತಂದು ರಿಸೀವರಿನ ಬಾಯಿಗೆ ಸುರಿಯುತ್ತದೆ. ದೂರದವನ ಮೆಲುದನಿ ಅದರೊಳಗೆ ಮುಳುಗಿಹೋಗುತ್ತದೆ.

ಮದ್ದು ಇದೆ, ಕಷ್ಟದ್ದೂ ಅಲ್ಲ. ಬಾಲನ್ನಿನ ಕೆಳಗೆ ಒಂದು ಚೋಕ್ ಹಾಕು. ಎಫ್‌ಟಿ240-43 ಎಂಬ ದೊಡ್ಡ ಫೆರೈಟ್ ಉಂಗುರ ಸಿಗುತ್ತದೆ. ಅದರ ಸುತ್ತ ಆರ್‌ಜಿ-58 ಕೇಬಲನ್ನು ಹತ್ತು ಹನ್ನೆರಡು ಸುತ್ತು ಸುತ್ತು. ಕೇಬಲ್ಲಿನ ಒಳಗಿನ ಕೆಲಸಕ್ಕೆ ಅದರಿಂದ ಏನೂ ಅಡ್ಡಿಯಿಲ್ಲ, ಹೊರಮೈಯ ಕರೆಂಟಿಗೆ ಮಾತ್ರ ದೊಡ್ಡ ತಡೆ. ಕಿಟಕಿಯ ಹತ್ತಿರ ಕೇಬಲ್ ಒಳಬರುವಲ್ಲಿ ಇನ್ನೊಂದು. ಎರಡನೆಯದು ದುಂದು ಅಲ್ಲ, ಇದರಲ್ಲಿ ಜಿಪುಣತನ ಮಾಡಬೇಡ. ಬಾಲನ್ನಿನಿಂದ ಕೇಬಲ್ ತಂತಿಗೆ ಲಂಬವಾಗಿ ಕೆಳಗಿಳಿಯಲಿ. ಉದ್ದನೆಯ ಕೈಯ ಅಡಿಯಲ್ಲೇ ಸಮಾಂತರವಾಗಿ ಎಳೆದರೆ ಮಾಡಿದ್ದೆಲ್ಲ ವ್ಯರ್ಥ.

ನಿನ್ನ ನಕ್ಷೆಯಲ್ಲಿ ನನಗೆ ಕಂಡ ಇನ್ನೊಂದು ಭಾಗ್ಯ ಹೇಳುತ್ತೇನೆ. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿ ನಿಮ್ಮಲ್ಲಿ ಪಡುವಣದಿಂದ ಮೂಡಕ್ಕೆ ಹಾಯುತ್ತದೆ, ನಿನ್ನ ತೆಂಗು ಹಲಸುಗಳೂ ಅದೇ ಸಾಲಿನಲ್ಲಿವೆ. 14 ಮೆಗಾಹರ್ಟ್ಸ್‌ನಲ್ಲಿ ಈ ತಂತಿಯ ಮೇಲೆ ಎರಡು ಅರ್ಧ ತರಂಗ ಇರುವುದರಿಂದ ಅದರ ಬಲ ತಂತಿಗೆ ಅಡ್ಡಲಾಗಿ ಹೋಗುವುದಿಲ್ಲ. ತಂತಿಯಿಂದ ಸುಮಾರು 54 ಡಿಗ್ರಿ ಓರೆಯಾಗಿ ನಾಲ್ಕು ಕಡೆಗೆ ಹೋಗುತ್ತದೆ. ಪಡು-ಮೂಡು ತಂತಿಗೆ ಅದರಲ್ಲಿ ಒಂದು ಓರೆ ವಾಯವ್ಯಕ್ಕೆ, ಯುರೋಪಿನ ಕಡೆ. ಇನ್ನೊಂದು ನೈಋತ್ಯಕ್ಕೆ, ದಕ್ಷಿಣ ಆಫ್ರಿಕದ ಕಡೆ. ಮತ್ತೊಂದು ಆಗ್ನೇಯಕ್ಕೆ, ಆಸ್ಟ್ರೇಲಿಯಾದ ಪರ್ತ್ ಕಡೆ. ಬೇಕೆಂದೇ ನೆಟ್ಟರೂ ಮರಗಳು ಇಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ.

7 ಮೆಗಾಹರ್ಟ್ಸ್‌ನ ಕಥೆಯೇ ಬೇರೆ, ನನಗೆ ಬೇಕಾದದ್ದೂ ಅದೇ. ನಿನ್ನ ಕೈಯಲ್ಲಿರುವ 144 ಮೆಗಾಹರ್ಟ್ಸ್‌ನ ಹ್ಯಾಂಡಿಗೆ ಮಣಿಪಾಲ, ಉಡುಪಿ, ಗುಡ್ಡದ ಮೇಲೆ ನಿಂತರೆ ಕಾಪು ಸಿಗಬಹುದು. ಮೂಡಕ್ಕೆ ಹಿರಿಯಡ್ಕ, ಹೆಬ್ರಿ ದಾಟಿದರೆ ಆಗುಂಬೆಯ ಘಾಟಿ ಗೋಡೆಯಂತೆ ನಿಂತಿದೆ, ಅದರಾಚೆಗೆ ಆ ಸದ್ದು ಹೋಗದು. 7 ಮೆಗಾಹರ್ಟ್ಸ್ ಗೋಡೆಯನ್ನು ಹತ್ತುವ ಗೋಜಿಗೇ ಹೋಗುವುದಿಲ್ಲ. ಹತ್ತು ಮೀಟರ್ ಎತ್ತರದಲ್ಲಿ ಕಟ್ಟಿದ ತಂತಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಮೇಲಕ್ಕೇ ಎಸೆಯುತ್ತದೆ. ಸುಮಾರು 300 ಕಿ.ಮೀ. ಎತ್ತರದ ಅಯಾನುಗೋಳಕ್ಕೆ ತಾಗಿ ಅದು ಕೆಳಗೆ ಸುರಿಯುತ್ತದೆ. ಪರ್ಕಳದಿಂದ ಬೆಂಗಳೂರಿಗೆ ನೇರ ಅಳೆದರೆ 300 ಕಿ.ಮೀ. ಹೆಚ್ಚು ಕಡಿಮೆ. ಹಾಗಾದರೆ ನಿನ್ನ ಮಾತು 60 ಡಿಗ್ರಿಗಿಂತ ಕಡಿದಾಗಿ ಮೇಲೆ ಹೋಗಿ ನನ್ನ ತಾರಸಿಗೆ ಇಳಿಯಬೇಕು. ಎತ್ತರದ ಗೋಪುರ ಇದಕ್ಕೆ ಬೇಡವೇ ಬೇಡ. ನಮಗೆ ಇನ್ನೊಂದು ಅನುಕೂಲವೂ ಇದೆ: ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ಮೇಲೆಯೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೇ ಅದಕ್ಕಾಗಿ. ನಮ್ಮ ತಲೆಯ ಮೇಲಿನ ಅಯಾನುಗೋಳ ಹಗಲಲ್ಲಿ ಬಹಳ ದಟ್ಟ. ತಣ್ಣನೆಯ ದೇಶಗಳಲ್ಲಿ ಎಷ್ಟೋ ಸಲ 3.5ಕ್ಕೆ ಇಳಿಯಬೇಕಾದ ಹೊತ್ತಿನಲ್ಲಿ ನಮಗೆ 7ರಲ್ಲೇ ಕೆಲಸ ನಡೆಯುತ್ತದೆ.

ಇದು ಬರೀ ಹರಟೆಗೆ ಅಲ್ಲ ಎಂಬುದು ನಿನಗೂ ಗೊತ್ತು. 2004ರ ಡಿಸೆಂಬರಿನಲ್ಲಿ ರೇಡಿಯೊ ಹವ್ಯಾಸಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸದ ಸಂಪರ್ಕಕ್ಕೆಂದೇ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. 26ರಂದು ಸುನಾಮಿ ಬಡಿಯಿತು, ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಲು ಆ ರೇಡಿಯೊಗಳೇ ಒದಗಿದವು. 2020ರ ಸೆಪ್ಟೆಂಬರಿನ ನೆರೆಯಲ್ಲಿ ಉಡುಪಿಯ ಬೀದಿಗಳಲ್ಲಿ ದೋಣಿ ನಡೆಸಿದ್ದನ್ನು ನೀವೆಲ್ಲ ಕಣ್ಣಾರೆ ಕಂಡವರು. ಒಂದು 12 ವೋಲ್ಟ್ ಬ್ಯಾಟರಿ, ಒಂದು ಸಣ್ಣ ರೇಡಿಯೊ, ಮರಕ್ಕೆ ಕಟ್ಟಿದ ತಂತಿ. ಇಷ್ಟು ಪರ್ಕಳದಲ್ಲಿ ಸದಾ ಸಿದ್ಧವಾಗಿರಲಿ ಎಂಬುದು ನನ್ನ ಮನಸ್ಸಿನ ಆಸೆ. ರೇಡಿಯೊಗೂ ದೊಡ್ಡ ದುಡ್ಡು ಬೇಡ. ಹೈದರಾಬಾದಿನ ಅಷರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಜಾತಿಯ ಕಿಟ್ ಸೆಟ್ಟುಗಳು ಹತ್ತು ವಾಟ್‌ನ ಆಸುಪಾಸು ಕೊಡುತ್ತವೆ. ತಂತಿ ಸರಿಯಿದ್ದರೆ ಹತ್ತು ವಾಟ್ ಬೆಂಗಳೂರಿಗೆ ಧಾರಾಳ. ನಿನ್ನ ರಿಸ್ಟ್ರಿಕ್ಟೆಡ್ ಗ್ರೇಡಿನ 50 ವಾಟ್‌ನ ಮಿತಿಯನ್ನು ಮುಟ್ಟುವ ಅವಸರ ಬೇಡ.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಹಗ್ಗವನ್ನು ಮಲ್ಪೆಯ ಬಲೆ ಅಂಗಡಿಯಿಂದಲೇ ತರಿಸು. ಬಿಸಿಲು ಉಪ್ಪು ಎರಡನ್ನೂ ತಾಳುವ ಹಗ್ಗ ಅಲ್ಲಿ ಸಿಗುವಷ್ಟು ಚೆನ್ನಾಗಿ ಬೇರೆಲ್ಲೂ ಸಿಗದು. ಹಲಸಿನ ಮರ ಅಲುಗುವುದಿಲ್ಲ, ಆ ತುದಿಯನ್ನು ಬಿಗಿಯಾಗಿ ಕಟ್ಟಬಹುದು. ತೆಂಗು ಮಳೆಗಾಳಿಗೆ ಆಳುದ್ದ ತೂಗುತ್ತದೆ, ಅದಕ್ಕೆ ಬಿಗಿದರೆ ಆಷಾಢದ ಮೊದಲ ಗಾಳಿಗೇ ತಂತಿ ತುಂಡು. ಅಲ್ಲಿ ಒಂದು ರಾಟೆ ಕಟ್ಟಿಸಿ ಹಗ್ಗವನ್ನು ಅದರ ಮೇಲೆ ಹಾಯಿಸು, ಕೆಳಗಿನ ತುದಿಗೆ ಐದು ಲೀಟರಿನ ಕ್ಯಾನಿಗೆ ಮರಳು ತುಂಬಿ ತೂಗುಬಿಡು. ಮರ ಅತ್ತ ಬಾಗಿದರೆ ಕ್ಯಾನು ಏರುತ್ತದೆ, ಇತ್ತ ಬಂದರೆ ಇಳಿಯುತ್ತದೆ, ತಂತಿಗೆ ಗೊತ್ತೇ ಆಗುವುದಿಲ್ಲ. ಕ್ಯಾನು ಮಕ್ಕಳ ತಲೆಯ ಮೇಲೆ ತೂಗದ ಜಾಗ ನೋಡಿಕೋ. ರಾಟೆ ಕಟ್ಟಲು ಬೇರೆ ಯಾರನ್ನೂ ಕರೆಯಬೇಡ, ಕಾಯಿ ತೆಗೆಯಲು ಬರುವವರಿಗೆ ಎರಡು ಕಾಸು ಹೆಚ್ಚು ಕೊಟ್ಟು ಹೇಳು. ಮಡಲು ಬಿದ್ದರೆ ತಂತಿಗೆ ತಾಗದ ಹಾಗೆ ಸುಳಿಯಿಂದ ಸಾಕಷ್ಟು ಕೆಳಗೆ, ಗೇಟಿನ ಕಡೆಯಲ್ಲಿ ಕಟ್ಟಲಿ. ನೀನು ಹತ್ತಬೇಡ, ನಿನ್ನಪ್ಪನನ್ನೂ ಹತ್ತಿಸಬೇಡ. ಗೇಟಿನ ಮುಂದೆ ಮೆಸ್ಕಾಂನ ವಿದ್ಯುತ್ ಲೈನು ಹಾದಿದೆಯೇ ಎಂಬುದನ್ನು ನೀನು ನಕ್ಷೆಯಲ್ಲಿ ಗುರುತಿಸಿಲ್ಲ. ಇದ್ದರೆ ಅತ್ತ ಕಡೆ ಹಗ್ಗವನ್ನೂ ಎಸೆಯಬಾರದು. ತಂತಿ ತುಂಡಾಗಿ ಬಿದ್ದರೂ ಆ ಲೈನಿಗೆ ತಾಗದಷ್ಟು ದೂರ ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಬಾಲನ್ನಿನ ಡಬ್ಬಿಯನ್ನು ಪೂರ್ತಿ ಮುಚ್ಚಿದರೆ ನೀರು ಬರುವುದಿಲ್ಲ ಎಂದುಕೊಳ್ಳುತ್ತಾರೆ. ನಮ್ಮ ಕರಾವಳಿಯ ತೇವ ಹೇಗಾದರೂ ಒಳಗೆ ಸೇರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಅಡಿಯಲ್ಲಿ ಒಂದು ಸಣ್ಣ ತೂತು ಕೊರೆದು ಅದಕ್ಕೆ ಸೊಳ್ಳೆ ಬಲೆಯ ತುಂಡು ಅಂಟಿಸು. ಬಲೆ ಇಲ್ಲದಿದ್ದರೆ ಹಲಸಿನ ಮರದ ಚಗಳಿ ಇರುವೆಗಳು ಹಗ್ಗದ ಮೇಲೆ ನಡೆದು ಬಂದು ಅಲ್ಲೇ ಸಂಸಾರ ಹೂಡುತ್ತವೆ. ಪಿಎಲ್-259 ಕನೆಕ್ಟರಿನ ಮೇಲೆ ತಾನಾಗಿ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿ, ಅದರ ಮೇಲೆ ಮಾಮೂಲಿ ಟೇಪು. ಕೋಆಕ್ಸ್‌ನ ಜಾಲರಿಗೆ ಒಮ್ಮೆ ನೀರು ಹೊಕ್ಕರೆ ಬತ್ತಿಯಂತೆ ಹೀರುತ್ತ ಮೀಟರುಗಟ್ಟಲೆ ಹೋಗುತ್ತದೆ, ತಾಮ್ರ ಕಪ್ಪಾಗುತ್ತದೆ, ಆಮೇಲೆ ಆ ಕೇಬಲ್ ಬಟ್ಟೆ ಒಣಹಾಕಲಷ್ಟೇ ಲಾಯಕ್ಕು. ಕಿಟಕಿಯೊಳಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಲಿ. ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ತಂತಿ ಒದ್ದೆಯಾದಾಗ ರೆಸೊನೆನ್ಸ್ ತುಸು ಕೆಳಗೆ ಜಾರುವುದನ್ನು ಕಾಣುತ್ತೀಯ, ಗಾಬರಿ ಬೇಡ.

ಸಿಡಿಲಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದ ಮೇಲೆ, ಮತ್ತೆ ಅಕ್ಟೋಬರಿನಲ್ಲಿ, ಘಾಟಿಯ ಕಡೆ ಮೋಡ ಕಪ್ಪಾದ ಕೂಡಲೇ ಕೇಬಲ್ ಕಳಚಿ ಕಿಟಕಿಯ ಹೊರಗೆ ಹಾಕಬೇಕು. ಗುಡುಗು ಕೇಳಿದ ಮೇಲೆ ಕಳಚಲು ಹೋಗಬಾರದು, ಆಗ ಅದರ ಹತ್ತಿರ ಸುಳಿಯಲೂ ಬಾರದು. ಹೊರಗೆ ಕೇಬಲ್ಲಿನ ತುದಿಯನ್ನು ಅರ್ತ್ ಸಲಾಕೆಗೆ ಜೋಡಿಸುವ ಏರ್ಪಾಡು ಮಾಡಿಕೋ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಕರೆಂಟಿಗೆ ದಾರಿ ಕೊಡುವುದಿಲ್ಲ. ಬಚ್ಚಲಿನ ನೀರು ಹರಿಯುವ ತೆಂಗಿನ ಬುಡದಲ್ಲಿ ನೆಲ ಸದಾ ಒದ್ದೆ, ಸಲಾಕೆ ಅಲ್ಲಿ ಇಳಿಯಲಿ. ಡೈಪೋಲಿನ ಕೆಲಸಕ್ಕೆ ಅರ್ತ್ ಬೇಡ, ಇದು ಜೀವದ ರಕ್ಷಣೆಗೆ. ಹಾಗೆ ಮಾಡಿದರೂ ನೇರ ಹೊಡೆದ ಸಿಡಿಲಿಗೆ ಇದು ಉತ್ತರವಲ್ಲ; ಕಳಚಿಡುವುದೇ ಉತ್ತರ.

ಮಂಗಳೂರಿನಲ್ಲಿ ಹವ್ಯಾಸಿಗಳ ಕ್ಲಬ್ ಇದೆ, ಹಳಬರಿದ್ದಾರೆ. ಚೋಕ್ ಸುತ್ತುವಾಗ ಅನುಮಾನ ಬಂದರೆ ನಾಚಿಕೆಯಿಲ್ಲದೆ ಕೇಳು, ಈ ಬಳಗದಲ್ಲಿ ಕಲಿಸಲು ಹಿಂಜರಿಯುವವರು ಕಡಿಮೆ. ನನ್ನ ಬಳಿ ಎರಡು ಫೆರೈಟ್ ಉಂಗುರಗಳಿವೆ. ಬರುವ ವಾರ ನಿನ್ನ ಚಿಕ್ಕಪ್ಪ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ತಂತಿ, ಪೆಟ್ಟಿಗೆ, ಕನೆಕ್ಟರು ಉಡುಪಿಯಲ್ಲೇ ಸಿಗುತ್ತವೆ.

ತಂತಿ ಏರಿದ ಮೇಲೆ ಮೂರು ಬ್ಯಾಂಡಿನ ಅಳತೆಯನ್ನೂ ಬರೆದು ಕಳಿಸು: 7, 14, 28. ಬರೀ ಎಸ್‌ಡಬ್ಲ್ಯುಆರ್ ಸಾಲದು, ಓಮ್ ಎಷ್ಟು ಎಂಬುದೂ ಬೇಕು. ಚೋಕ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ರಿಸೀವರಿನ ಗದ್ದಲ ಕೇಳಿ ಎಸ್ ಮೀಟರಿನ ಮುಳ್ಳು ಎಲ್ಲಿತ್ತು ಎಂದು ಗುರುತು ಹಾಕಿಕೋ. ಆಮೇಲೆ ಯಾವ ಭಾನುವಾರವಾದರೂ ಸರಿ, ಬೆಳಿಗ್ಗೆ ಎಂಟೂವರೆಗೆ 7.120ರ ಆಸುಪಾಸಿನಲ್ಲಿ ಲೋವರ್ ಸೈಡ್‌ಬ್ಯಾಂಡಿನಲ್ಲಿ ನಾನು ಕೇಳುತ್ತಿರುತ್ತೇನೆ. ಆ ಜಾಗದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಐದು ಕಿಲೊಹರ್ಟ್ಸ್ ಮೇಲೆ ಬಾ. ಮೊದಲು ಕೇಳು, ಖಾಲಿಯೇ ಎಂದು ವಿಚಾರಿಸು, ಆಮೇಲೆ ನಿನ್ನ ಕರೆಸಂಕೇತ ನಿಧಾನವಾಗಿ ಎರಡು ಸಲ ಹೇಳು. ಅಪ್ಪ ಅಮ್ಮನಿಗೆ ನನ್ನ ಪ್ರೀತಿ ತಿಳಿಸು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ